ಬಾವಿಯ ಮೇಲಿನ ರಸ್ತೆ

ನಮ್ಮತ್ತೆ ಅಂಜನಮ್ಮ ಅರವತ್ತರ ಹತ್ತಿರ ಬಂದಮೇಲೆ ಸ್ಕೂಟರ್ ಕಲಿಯಲು ಹೊರಟರು. ಹುಳಿಮಾವಿನಲ್ಲಿರುವ ತಂಗಿ ದುಂಡವ್ವನ ಮನೆಗೆ ಹೋಗಬೇಕೆಂದಾಗಲೆಲ್ಲ ಮಗನ ಮುಂದೆ ನಿಂತು "ಸ್ವಲ್ಪ ಡ್ರಾಪ್ ಮಾಡಪ್ಪ" ಅನ್ನುವುದು ಅವರಿಗೆ ಸಾಕಾಗಿತ್ತು. ಕಲಿಸುವ ಕೆಲಸ ಸೊಸೆಯಾದ ನನಗೆ ಬಂತು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳಿಗೆ ಎರಡು ಚಕ್ರದ ಸಮತೋಲನ ವಿವರಿಸುವುದು ಕಷ್ಟವೇನಲ್ಲ ಅಂದುಕೊಂಡಿದ್ದೆ.

ಕೋಣನಕುಂಟೆಯಲ್ಲಿ ನಮ್ಮ ಮನೆ ರಸ್ತೆಯ ಕೊನೆಯಲ್ಲಿದೆ. ಹೊರಗೆ ಹೋಗಲು ಆ ಒಂದೇ ನೇರ ರಸ್ತೆ. ಅತ್ತೆ ಗೇಟಿನಿಂದ ಚೆನ್ನಾಗಿಯೇ ಹೊರಡುತ್ತಿದ್ದರು. ಹೊಂಗೆಮರ ದಾಟಿದೊಡನೆ ಹ್ಯಾಂಡಲ್ ಎಳೆದಂತಾಗಿ ಬೀಳುತ್ತಿದ್ದರು. ಪ್ರತಿ ಸಲವೂ ಅಲ್ಲೇ.

"ಇನ್ನು ಬಿದ್ರೆ ಗಾಡಿ ಮಾರ್ಬಿಡ್ತೀನಿ ನೋಡಮ್ಮ," ಎಂದ ನನ್ನ ಗಂಡ ಮನೋಜ್. "ಮೂಳೆ ಮುರ್ಕೊಂಡ್ರೆ ಯಾರ್ ನೋಡ್ಕೊಳ್ಳೋದು?"

"ಒಂದ್ಲೋಟ ಕಾಫಿ ಕಾಯ್ಸಕ್ಕೆ ಬರಲ್ಲ, ನೀನ್ ನನ್ನ ನೋಡ್ಕೋತೀಯ?"

ನಾನು ಟೈರಿನ ಗಾಳಿ ನೋಡಿದೆ, ರಸ್ತೆಯ ಮೇಲೆ ರಸಮಟ್ಟ ಇಟ್ಟು ಇಳಿಜಾರು ಅಳೆದೆ. ಎಲ್ಲ ಸರಿಯಾಗಿತ್ತು. ಆಮೇಲೊಂದು ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಹರವುವಾಗ ಗಮನಿಸಿದೆ. ಹಾಲಿನ ಆಟೋ, ಊಟ ತಲುಪಿಸುವ ಬೈಕು, ನೀರಿನ ಟ್ಯಾಂಕರ್, ಎಲ್ಲವೂ ಮರದವರೆಗೆ ನೇರ ಬಂದು, ಕಾಣದ ಯಾವುದನ್ನೋ ಸುತ್ತಿಕೊಂಡು, ಮತ್ತೆ ನೇರವಾಗುತ್ತಿದ್ದವು. ಯಾರೂ ನಿಧಾನಿಸುತ್ತಿರಲಿಲ್ಲ, ಯಾರೂ ಕೆಳಗೆ ನೋಡುತ್ತಿರಲಿಲ್ಲ. ಡಾಂಬರಿನ ಮೇಲೆ ಸವೆದ ಜಾಡು ಸ್ಪಷ್ಟವಾಗಿ ಬಿಲ್ಲಿನಂತೆ ಬಾಗಿತ್ತು.

ನಾನೇ ಗಾಡಿ ತೆಗೆದೆ. ಬಾಗಬಾರದೆಂದು ನಿರ್ಧರಿಸಿಯೇ ಹೋದೆ. ಮರ ಹಿಂದೆ ಉಳಿದ ಮೇಲಷ್ಟೇ ಗೊತ್ತಾಯಿತು, ನಾನೂ ಬಾಗಿದ್ದೆ.

"ಅತ್ತೆ, ಆ ಮರದ ಹತ್ರ ಮುಂಚೆ ಏನಿತ್ತು?"

ಅವರು ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಬಾವಿ. ಮದ್ವೆಯಾಗಿ ಬಂದಾಗ ಗಂಗೆ ಪೂಜೆ ಮಾಡಿ ಮೊದಲ್ನೇ ಕೊಡ ಸೇದಿದ್ದು ಅಲ್ಲೇ. ಲೇಔಟ್ ಮಾಡ್ವಾಗ ನಾನ್ ಊರಲ್ಲಿಲ್ದಿದ್ ದಿನ ನೋಡಿ ನಿಮ್ಮಾವ ಜೆಸಿಬಿ ತರಿಸಿ ಮುಚ್ಚಿಸ್ಬಿಟ್ರು. ಪೈಪೂ ಬಿಡ್ಲಿಲ್ಲ."

ಬಾವಿ ಮುಚ್ಚುವಾಗ ಗಂಗಮ್ಮ ಉಸಿರಾಡಲೆಂದು ಮಣ್ಣಿನಲ್ಲೊಂದು ಪೈಪು ನೆಟ್ಟು ಬಿಡುವುದು ಈ ಕಡೆಯ ರೂಢಿ.

"ಎಲ್ಲರ ಥರ ಸುತ್ಕೊಂಡು ಹೋಗ್ಬಿಡಿ ಅತ್ತೆ."

"ಅವ್ರು ಗೊತ್ತಿಲ್ದೆ ಸುತ್ತುತಾರೆ. ನಾನು ಗೊತ್ತಿದ್ದೂ ಸುತ್ತಿದ್ರೆ ಗಾಡಿ ಓಡ್ಸೋದು ಆ ಬಾವಿ, ನಾನಲ್ಲ."

ಶುಕ್ರವಾರ ಅತ್ತೆ ಅಲ್ಲಿ ಅರಿಶಿನ ಕುಂಕುಮ ಹಾಕಿ, ಕಾಯಿ ಒಡೆದು, ರಸ್ತೆಯ ಮೇಲೆ ಒಂದು ಕೊಡ ನೀರು ಸುರಿದರು. ಗಾಡಿ ಹತ್ತಿದರು. ಅಲ್ಲೇ ಬಿದ್ದರು. ಮೊಣಕೈ ತರಚಿ ರಕ್ತ ಬಂತು. ಪೂಜೆಯಿಂದ ಸರಿಹೋಗುತ್ತದೆಂದು ಅವರಿಗಿಂತ ಹೆಚ್ಚಾಗಿ ನಾನು ನಂಬಿದ್ದೆನೆಂದು ಆಗ ತಿಳಿಯಿತು.

ಮನೋಜ್ ಕೈ ಚಾಚಿದ. "ಕೀ ಕೊಡು. ನಾಳೆ ಗಾಡಿ ನೋಡಕ್ಕೆ ಬರ್ತಾರೆ."

"ಬರ್ಲಿ. ನಾನ್ ಓಡ್ಸೋದನ್ನೂ ನೋಡ್ಕೊಂಡ್ ಹೋಗ್ಲಿ." ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಶನಿವಾರದ ಬಿಸಿಲಿಗೆ ಡಾಂಬರು ಒಣಗಿ ಬೂದಿಬಣ್ಣಕ್ಕೆ ತಿರುಗಿತ್ತು. ಅತ್ತೆ ಮರದ ಬಳಿ ಗಾಡಿ ನಿಲ್ಲಿಸಿ ನೆಲಕ್ಕೆ ಹೇಳಿದರು: "ಕೇಳಿದ್ದಾಯ್ತು, ಕೊಟ್ಟಿದ್ದೂ ಆಯ್ತು. ನಿನ್ ಪಾಡಿಗ್ ನೀನಿರು. ನಾನಂತೂ ಹೋಗೋಳೇ."

ಹೊರಟರು. ಹ್ಯಾಂಡಲ್ ನಡುಗಿತು. ತೋಳುಗಳು ಸೆಟೆದವು. ಸೊಂಟದ ಮಟ್ಟದ ನೀರಿನಲ್ಲಿ ನಡೆಯುವವರಂತೆ ಗಾಡಿ ನಿಧಾನವಾಯಿತು. ಅವರು ಕಾಲು ಊರಲಿಲ್ಲ. ರಸ್ತೆಯ ಅಡಿಯಿಂದ ಒಂದು ಸದ್ದು ಬಂತು. ಬಹಳ ಹೊತ್ತು ಬಿಗಿಹಿಡಿದ ಉಸಿರನ್ನು ಯಾರೋ ಬಿಟ್ಟಂತೆ. ಮರದಲ್ಲಿದ್ದ ಕಾಗೆಗಳು ಒಮ್ಮೆಲೇ ಸುಮ್ಮನಾದವು.

ಗಾಡಿ ಬಾಗಲಿಲ್ಲ. ನೇರವಾಗಿ ಆಚೆ ಹೋಯಿತು.

"ದಿವ್ಯಾ, ಲೈಸೆನ್ಸ್ ಟೆಸ್ಟಿಗೆ ಡೇಟ್ ತಗೋ!" ಮೇನ್ ರೋಡಿನ ಅಂಚಿನಿಂದ ನನಗೆ ಕೂಗಿ ಹೇಳಿದರು.

ಮನೋಜ್ ಫೋನ್ ತೆಗೆದು, ಬರಬೇಕಿದ್ದವರಿಗೆ ಬರಬೇಡಿ ಎಂದು ಹೇಳತೊಡಗಿದ. ನಾನು ರಸ್ತೆ ನೋಡುತ್ತಿದ್ದೆ. ಅತ್ತೆ ದಾಟಿದ ಜಾಗದಿಂದ ಮುಂದಕ್ಕೆ ಡಾಂಬರಿನ ಮೇಲೆ ಟೈರಿನ ಒದ್ದೆ ಗೆರೆ ಮೂಡಿತ್ತು. ಬಗ್ಗಿ ಮುಟ್ಟಿದೆ. ಕೊರೆಯುವಷ್ಟು ತಣ್ಣಗಿತ್ತು, ಬೆರಳಿಗೆ ಪಾಚಿ ಹತ್ತಿತು. ಇದಕ್ಕೆ ನನ್ನ ಬಳಿ ವಿವರಣೆಯಿಲ್ಲ.

ಅತ್ತೆ ಗಾಡಿ ತಿರುಗಿಸಿ ಅದೇ ನೇರದಲ್ಲಿ ವಾಪಸು ಬರುತ್ತಿದ್ದರು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.