ನಾಗಭೂಷಣ್ ಸಾರ್ ಮುಟ್ಟಿದ ಕಲ್ಲುಗಳು

ಬೆಂಗಳೂರಿನ ಶ್ರೀಗಂಧದ ಕಾವಲಿನಲ್ಲಿ ಅಪ್ಪನ ರಾಗಿ ಹೊಲ ಪಾಲಾಗಿ ಕೈಗೊಂದು ಸೈಟು ಬಂದರೆ ಯಾರಾದರೂ ಏನು ಮಾಡ್ತಾರೆ? ನಾಲ್ಕಂತಸ್ತು ಎತ್ತಿ ಪಿಜಿಗೆ ಬಿಡ್ತಾರೆ. ನಾಗಭೂಷಣ್ ಅವರ ತಮ್ಮಂದಿರು ಅದನ್ನೇ ಮಾಡಿದರು. ಈ ಮಹಾನುಭಾವರು ಮಾತ್ರ ತಗಡಿನ ಶೆಡ್ ಹಾಕಿಸಿ ಅದರ ತುಂಬ ಕಲ್ಲು ಪೇರಿಸಿಕೊಂಡು ಕೂತರು. ಚಿತ್ರದುರ್ಗದ ಆಚೆ ಒಂದು ಗುಡ್ಡವನ್ನು ಬೋರ್‌ವೆಲ್ ಥರ ಕೊರೆಸಿ ತೆಗೆದ, ಲಟ್ಟಣಿಗೆಯಂಥ ಗುಂಡು ಕಲ್ಲುಗಳು, ಟ್ರೇಗಟ್ಟಲೆ.

ಆ ಗುಡ್ಡದ ಹುಚ್ಚು ಇವತ್ತಿನದಲ್ಲ. ಭೂವಿಜ್ಞಾನಿಯಾಗಿ ಸರ್ಕಾರಿ ಸರ್ವೀಸಿನಲ್ಲಿದ್ದಾಗಲೇ ಅದರ ತುದಿಯ ತುಕ್ಕು ಬಣ್ಣ ನೋಡಿ, 'ಇದು ಸಮುದ್ರದಡಿಯ ಜ್ವಾಲಾಮುಖಿ ಉಗುಳಿದ ಕಲ್ಲು. ಬಿಸಿನೀರಿನ ಬುಗ್ಗೆಗಳು ಕೆಳಗೆ ಸತು ತಂದು ಹಾಕಿರಲೇಬೇಕು' ಅಂದಿದ್ದರು. ಆಫೀಸಿನವರು ನಕ್ಕಿದ್ದರು. ರಿಟೈರ್ ಆದಮೇಲೂ ಬಿಡದೆ ಮುಂಬೈಯ ಕಂಪನಿಯೊಂದನ್ನು ಒಪ್ಪಿಸಿ ಗುಡ್ಡ ಕೊರೆಸಿದರು. ಇಲ್ಲಿವರೆಗೆ ಏನೂ ಸಿಕ್ಕಿರಲಿಲ್ಲ. ಸತು ಇದ್ದರೆ ಕೊರೆಯೋ ರಿಗ್ ಮತ್ತೆ ಕಳಿಸ್ತೀವಿ, ಇಲ್ಲದಿದ್ದರೆ ಗುಡ್ಡ ಬಿಟ್ಟುಬಿಡ್ತೀವಿ, ಸೋಮವಾರ ಮಧ್ಯಾಹ್ನ ಫೋನ್ ಮಾಡ್ತೀವಿ ಅಂತ ಕಂಪನಿಯವರು ಹೇಳಿದ್ದರು.

ಆವತ್ತೇ ಬೆಳಿಗ್ಗೆ ಸತು ಸಿಕ್ಕಿಬಿಟ್ಟಿತು.

ಸಿಕ್ಕಿದ್ದು ಸುವರ್ಣಾಳ ಕೈಗೆ. ರಾಣೆಬೆನ್ನೂರಿನ ಹುಡುಗಿ, ಭೂವಿಜ್ಞಾನ ಓದಿ ಸಾರ್ ಹತ್ತಿರ ಕೆಲಸಕ್ಕೆ ಸೇರಿದವಳು. ಅವಳ ಹತ್ತಿರ ಒಂದು ಗನ್ ಇತ್ತು. ಕಲ್ಲಿಗೆ ಒತ್ತಿ ಗುಂಡಿ ಅದುಮಿದರೆ ಯಾವ ಲೋಹ ಎಷ್ಟಿದೆ ಅಂತ ಹೇಳುವ ಯಂತ್ರ. ಸಾರ್ ಭಾನುವಾರ ಒಬ್ಬರೇ ಬಂದು, ಒಂದೊಂದನ್ನೂ ಎತ್ತಿ ಸವರಿ ನೋಡಿ, ಚೆನ್ನಾಗಿ ಕಂಡ ಕಲ್ಲುಗಳನ್ನು ಬೇರೆ ಟ್ರೇಯಲ್ಲಿಟ್ಟಿದ್ದರು. ಅವುಗಳಿಗೆ ಗನ್ ಒತ್ತಿದರೆ ಸತುವೋ ಸತು. ಸಾರ್ ಕುಣಿಯೋದೊಂದು ಬಾಕಿ. ಕಂಪನಿಗೆ ಮೆಸೇಜ್ ಹಾಕಿ, ಚಂದ್ರಾ ಲೇಔಟಿಗೆ ಹೋಗಿ ಮೈಸೂರ್‌ಪಾಕ್ ತಂದು, ಪಕ್ಕದ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ದ್ಯಾಮಪ್ಪನಿಗೂ ತಿನ್ನಿಸಿ ಬಂದರು. ಅವನಿಗೆ ಯಾಕೆ ಅಂತ ಗೊತ್ತಾಗಲಿಲ್ಲ, ಆದರೆ ತಿಂದ.

ಸುವರ್ಣಾ ಮಾತ್ರ ಮೈಸೂರ್‌ಪಾಕ್ ಪಕ್ಕಕ್ಕಿಟ್ಟು ಗನ್ನಿನ ಪರದೆ ನೋಡ್ತಿದ್ದಳು. ಇಂಥ ಕಲ್ಲಿನಲ್ಲಿ ಸತು ಇದ್ದರೆ ಜೊತೆಗೆ ಗಂಧಕ ಇರಬೇಕು. ಇಲ್ಲಿ ಅದರ ಸುಳಿವೇ ಇಲ್ಲ. ಕಲ್ಲನ್ನು ಮಗುಚಿ ಕೆಳಮಗ್ಗುಲಿಗೆ ಗನ್ ಒತ್ತಿದಳು. ಸತುವೂ ಇಲ್ಲ. ತಲೆಯೆತ್ತಿದರೆ ಸಾರ್ ಮೊಣಕೈ ಕೆರೆದುಕೊಳ್ತಾ ನಿಂತಿದ್ದರು. ಅವರಿಗೆ ಒಂದು ವಾರದಿಂದ ಮೈ ನವೆ. ಹೆಂಡತಿ ವೆಂಕಟಲಕ್ಷ್ಮಮ್ಮ ಕೈತುಂಬ ಕ್ಯಾಲಮೈನ್ ಬಳಿದು ಕಳಿಸ್ತಿದ್ದರು. ಆ ಔಷಧಿ ಮಾಡೋದೇ ಸತುವಿನಿಂದ.

ಕಲ್ಲಿಗೆ ಅಂಟಿದ್ದು ಅದೇ ಇರಬೇಕು. ಸಾರ್ ಇಷ್ಟು ಖುಷಿಯಾಗಿದ್ದನ್ನು ಅವಳು ನೋಡೇ ಇರಲಿಲ್ಲ. ಸುಮ್ಮನಿದ್ದುಬಿಡಲೇ ಅಂತ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಆದರೆ ಸುಮ್ಮನಿದ್ದರೆ ರಿಗ್ ಹೋಗುತ್ತೆ, ಬರೀ ಕಲ್ಲು ಬರುತ್ತೆ, ಅವತ್ತು ನಕ್ಕವರೆಲ್ಲ ಮತ್ತೆ ನಗ್ತಾರೆ.

"ಸರ್, ಸಿಟ್ಟಾಗಬ್ಯಾಡ್ರಿ," ಅಂದಳು. "ಜಿಂಕ್ ಬರೇ ಮ್ಯಾಲಿನ ಮಗ್ಗಲಿಗೆ ಬರಾಕತ್ತೈತ್ರಿ. ಗಂಧಕ ಎಲ್ಲೂ ಇಲ್ರಿ."

ಅಷ್ಟು ಹೇಳಿ ಮೈಸೂರ್‌ಪಾಕಿನ ಡಬ್ಬಿಯ ಮುಚ್ಚಳ ಎಳೆದುಕೊಂಡು, ಸಾರ್ ಹಿಡಿದಿದ್ದ ಜಾಗಕ್ಕೆ ಗನ್ ಒತ್ತಿದಳು. ಪರದೆಯ ಮೇಲೆ ಸತು ಬಂತು.

ಸಾರ್ ಮುಚ್ಚಳ ನೋಡಿದರು. ಆಮೇಲೆ ತಮ್ಮ ಅಂಗೈ ನೋಡಿಕೊಂಡರು.

"ಸ್ವೀಟ್ ಅಂಗಡೀಲೇ ಗಣಿ ಸಿಕ್ತಲ್ಲಮ್ಮ," ಅಂದರು. ಇಬ್ಬರೂ ನಗಲಿಲ್ಲ.

"ನೀನೇ ತೊಳಿ. ನಾನು ಮುಟ್ಟಲ್ಲ," ಅಂತ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಅವಳು ಒಂದೊಂದೇ ಕಲ್ಲನ್ನು ಸೋಪು ಹಾಕಿ ನಲ್ಲಿಯಡಿ ಉಜ್ಜಿ, ಒರೆಸಿ, ಗನ್ ಒತ್ತಿದಳು. ತೊಳೆದದ್ದೆಲ್ಲ ಬರಿಗಲ್ಲು. ಕೊನೆಯದೊಂದು ಉಳಿಯಿತು.

"ಇದೊಂದು ಬಿಡೋಣ್ರಿ ಸರ್."

"ಯಾಕೆ ಬಿಡೋದು? ನೋಡು."

ಅದರಲ್ಲೂ ಇರಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಕಂಪನಿಯ ಮೋಹನ್ ಕುಮಾರ್. ಸುವರ್ಣಾ ಕೈ ಒರೆಸಿಕೊಳ್ತಾ, "ನಾ ಮಾತಾಡ್ಲೇನ್ರಿ?" ಅಂದಳು.

"ಬೇಡಮ್ಮ. ಇದೆ ಇದೆ ಅಂತ ಇಷ್ಟು ವರ್ಷ ಬಡ್ಕೊಂಡೋನು ನಾನು. ಇಲ್ಲ ಅನ್ನೋದನ್ನ ನಿನ್ನ ಬಾಯಲ್ಲಿ ಹೇಳಿಸ್ಲಾ?"

ಫೋನ್ ಎತ್ತಿದರು.

"ಹೇಳಿ ಮೋಹನ್ ಕುಮಾರ್. ರಿಗ್ ಕಳಿಸ್ಬೇಡಿ. ಇಲ್ಲ, ಮಿಷನ್ ಸರಿಯಾಗೇ ಇದೆ. ನಮ್ಮ ಹುಡುಗೀನೂ ಸರಿಯಾಗೇ ನೋಡಿದಾಳೆ. ಬೆಳಿಗ್ಗೆ ಕಾಣಿಸಿದ್ದಾ? ಅದು ಕಲ್ಲಲ್ಲಿ ಇರ್ಲಿಲ್ಲಪ್ಪ, ನನ್ನ ಕೈಯಲ್ಲಿತ್ತು."

ಸುವರ್ಣಾಳ ಕಣ್ಣು ತುಂಬಿ ಬಂತು. ಅವರಿಗೆ ಬೆನ್ನು ಮಾಡಿ, ಆಗಲೇ ತೊಳೆದಿಟ್ಟ ಕಲ್ಲನ್ನೇ ಮತ್ತೆ ತೊಳೆಯತೊಡಗಿದಳು.