ಬಾಳೆಎಲೆ ಪೆಟ್ಟಿಗೆಯ ಹಲ್ಲಿ

ನಾರ್‌ಶೋಪಿಂಗ್‌ನಲ್ಲಿ ನಡೆದ ಈ ಪ್ರಸಂಗ ಸ್ವೀಡನ್ನಿನ ಕನ್ನಡಿಗರ ಬಾಯಲ್ಲಿ ಈಗಾಗಲೇ ಹಲವು ರೂಪ ತಾಳಿದೆ. ಟ್ರೋಲ್‌ಹೆಟ್ಟನ್‌ನವರು ಹೇಳುವಾಗ ಹಲ್ಲಿ ಅಧಿಕಾರಿಯ ಬೋಳುತಲೆಯ ಮೇಲೆ ಬೀಳುತ್ತದೆ. ಪಂಚಾಂಗ ತೆರೆದು ಅದರ ಫಲ ಹೇಳುವವರೂ ಇದ್ದಾರೆ. ಟೋರ್ಸ್‌ಲಾಂಡದಲ್ಲಿ ಒಂದು ಹಲ್ಲಿ ಏಳಾಗಿದೆ. ನಾನು ಇಲ್ಲಿ ಕೊಡುತ್ತಿರುವುದು ಜಾನಕಿಯಿಂದಲೇ ಎರಡು ಸಲ ಕೇಳಿ, ಅಂದು ಅವಳೊಡನೆ ಕಾಫಿಮೇಜಿನ ಬಳಿ ಕುಳಿತಿದ್ದ ಸಹೋದ್ಯೋಗಿ ಗಂಗಾಧರನ ಮಾತಿನೊಡನೆ ಹೋಲಿಸಿ ನೋಡಿದ ರೂಪ.

ಜಾನಕಿ ಕುಮಟೆಯವಳು. ಶ್ರೀಲಂಕೆಯಿಂದ ಬರುವ ಹಣ್ಣು, ಎಲೆಗಳ ಪೆಟ್ಟಿಗೆಗಳನ್ನು ಉಗ್ರಾಣವೊಂದರಲ್ಲಿ ತಪಾಸಣೆ ಮಾಡುವುದು ಅವಳ ಕೆಲಸ. ಪೆಟ್ಟಿಗೆಯೊಡನೆ ಆ ದ್ವೀಪದ ಅರ್ಧ ಸಂಸಾರವೇ ಬಂದಿಳಿಯುತ್ತಿತ್ತು: ಕೆಂಪು ಚಗಳಿ ಇರುವೆ, ಜಿರಲೆ, ಶಂಖದ ಹುಳು, ಚಕ್ಕುಲಿಯಂತೆ ಸುತ್ತಿಕೊಂಡ ಸಹಸ್ರಪದಿ. ಇವನ್ನು ಬ್ರಷ್ಷಿನಿಂದ ಗುಡಿಸಿ ಶೀಶೆಗೆ ಹಾಕಿದರಾಯಿತು. ಬೆನ್ನೆಲುಬಿರುವ ಪ್ರಾಣಿ ಜೀವಂತವಾಗಿ ಸಿಕ್ಕರೆ ಮಾತ್ರ ಇಡೀ ಸರಕನ್ನು ತಡೆದು ಪಶುವೈದ್ಯರನ್ನು ಕರೆಸಬೇಕು. ಸಿಗದಿದ್ದರೆ ಪೆಟ್ಟಿಗೆ ನೇರವಾಗಿ ಹಿಮಕೋಣೆಗೆ. ತಪಾಸಣೆಯ ಫಾರ್ಮಿನಲ್ಲಿ ಎರಡೇ ಕಾಲಮ್ಮು: ‘ಜೀವಂತ ಕಂಡದ್ದು’, ‘ಸತ್ತು ಕಂಡದ್ದು’.

ಯುಗಾದಿಗೆ ನಾಲ್ಕು ದಿನವಿತ್ತು. ಕನ್ನಡ ಸಂಘದ ಊಟಕ್ಕೆಂದು ತರಿಸಿದ ಇನ್ನೂರು ಬಾಳೆಎಲೆಗಳ ಪೆಟ್ಟಿಗೆಯೊಳಗಿಂದ ಜಾನಕಿಗೆ ಲೊಚ್ ಲೊಚ್ ಎಂಬ ಸದ್ದು ಕೇಳಿಸಿತು. ಬಿಗಿಯಾಗಿ ಸುತ್ತಿದ ಕಟ್ಟು. ಬಿಚ್ಚಿದರೆ ಎಲೆ ಸೀಳುತ್ತದೆ. ಅವಳು ಸ್ಕೇಲಿಟ್ಟು ಫಾರ್ಮಿನಲ್ಲಿ ಮೂರನೆಯ ಕಾಲಮ್ಮು ಎಳೆದು ಬರೆದಳು: ‘ಕೇಳಿದ್ದು: ಹಲ್ಲಿ, ಒಂದು.’

ಪಾಳಿಯ ಮುಖ್ಯಸ್ಥ ಬಾಲಚಂದ್ರ ಬೆಂಗಳೂರಿನವರು, ಸಂಘದ ಕಾರ್ಯದರ್ಶಿಯೂ ಹೌದು. ಮಧ್ಯಾಹ್ನದ ಫೀಕಾ, ಅಂದರೆ ಕಾಫಿ ಬಿಡುವಿನ ಹೊತ್ತಿಗೆ ಪೆಟ್ಟಿಗೆಯನ್ನು ಕಾಫಿಮೇಜಿನ ಮೇಲೆಯೇ ತರಿಸಿದರು. ಉಗ್ರಾಣದ ಮೇಲಧಿಕಾರಿ ಲೆನ್ನಾರ್ಟ್ ಎದುರು ಕುಳಿತಿದ್ದ.

“ಏನ್ ಜಾನಕಿ ಇದು? ಫಾರ್ಮಲ್ಲಿ ಇಲ್ಲದ ಕಾಲಮ್ಮು ನೀವೇ ಗೆರೆ ಹಾಕ್ಕೊಂಡ್ಬಿಟ್ರಾ?”

“ಇರ್ಲಿಲ್ಲ ಸರ್. ಹಾಕ್ದೆ.”

“ಹಲ್ಲೀನ ನೋಡಿದ್ರಾ?”

“ಇಲ್ಲ. ಕೇಳ್ದೆ.”

“ಪ್ಲಾಸ್ಟಿಕ್ಕು ಚಳೀಗೆ ಚಟಪಟ ಅಂದಿರತ್ತೆ ಕಣ್ರೀ. ನಿಮ್ ಪ್ರೊಬೇಷನ್ ಮುಗಿಯೋಕೆ ಇನ್ನು ಹತ್ತೇ ದಿನ. ಕೆಲಸ ಹೋದ್ರೆ ವರ್ಕ್ ಪರ್ಮಿಟ್ಟೂ ಹಿಂದೇನೇ ಹೋಗತ್ತೆ, ಗೊತ್ತಲ್ಲ? ಹೊಸ ಫಾರ್ಮಿಗೆ ಸೈನ್ ಹಾಕಿ, ಮುಗಿಸೋಣ.”

“ಹಾಕೂದಿಲ್ಲ.” ಅಲ್ಲಿಯವರೆಗೆ ಬೆಂಗಳೂರಿನ ಧಾಟಿಯಲ್ಲಿ ಮಾತಾಡುತ್ತಿದ್ದವಳ ಬಾಯಲ್ಲಿ ಆಗ ಕುಮಟೆ ಬಂತು ಎಂದು ಗಂಗಾಧರ ನೆನೆಯುತ್ತಾನೆ. “ಹೋದ್ರೆ ಹೋಗ್ಲಿ. ಒಳಗೆ ಜೀವ ಇದ್ದದ್ದನ್ನ ಮೈನಸ್ ಇಪ್ಪತ್ತಕ್ಕೆ ತಳ್ಳಿ, ಏನೂ ಇಲ್ಲ ಅಂತ ನನ್ ಕೈಲಿ ಬರಿಯೂಕಾಗೂದಿಲ್ಲ.”

ಲೆನ್ನಾರ್ಟನಿಗೆ ಭಾಷೆ ತಿಳಿಯದಿದ್ದರೂ ಅವಳು ಪೆನ್ನನ್ನು ಹಿಂದಕ್ಕೆ ತಳ್ಳಿದ್ದು ಕಂಡಿತು. ನಿಮಗೇನಾದರೂ ಕೇಳಿಸಿತೇ ಎಂದು ಅವನು ಬಾಲಚಂದ್ರರನ್ನು ಇಂಗ್ಲಿಷಿನಲ್ಲಿ ಕೇಳಿದ. ಇಲ್ಲವೇ ಇಲ್ಲ, ಈ ಪೆಟ್ಟಿಗೆಯಲ್ಲಿ ಹಲ್ಲಿ ಇಲ್ಲ, ಇದು ಖಂಡಿತ ಎಂದರು ಬಾಲಚಂದ್ರ.

ಲೊಚ್, ಲೊಚ್, ಲೊಚ್.

ಕಾಫಿಯಂತ್ರ ಗುರುಗುಡುತ್ತಿತ್ತು, ಲೆನ್ನಾರ್ಟನ ಕಿವಿಗೆ ಅದು ಹತ್ತು ಸದ್ದುಗಳಲ್ಲಿ ಇನ್ನೊಂದು. ಆದರೆ ಜಾನಕಿಯ ಬೆರಳು ಮೇಜನ್ನು ಮೂರು ಸಲ ತಟ್ಟಿತು. ಗಂಗಾಧರನ ಬೆರಳೂ ತಟ್ಟಿತು. ಬಾಲಚಂದ್ರರ ಬಲಗೈ ಲೋಟವನ್ನು ಕೆಳಗಿಟ್ಟು, ಅವರ ಅಪ್ಪಣೆಗೆ ಕಾಯದೆ, ಟಕ್ ಟಕ್ ಟಕ್ ಎಂದಿತು. ಬಾಯಿ “ಕೃಷ್ಣ ಕೃಷ್ಣ” ಎಂದಿತು.

ಗಂಗಾಧರ ನಗು ತಡೆಯಲಾರದೆ ಹೋದ. “ಸರ್, ಹಲ್ಲಿ ಇಲ್ಲ ಅಂದ್ರಿ. ಹೌದು ಅಂತ ಹಲ್ಲೀನೇ ಅಂತು!”

ಲೆನ್ನಾರ್ಟ್ ಮೂವರ ಕೈಗಳನ್ನೂ ನೋಡಿ, ಈಗ ಮಾಡಿದ್ದೇನು ಎಂದು ಕೇಳಿದ. ಬಾಲಚಂದ್ರ ಲೋಟವನ್ನು ಮತ್ತೆ ಕೈಗೆತ್ತಿಕೊಂಡರು. ಜಾನಕಿಯೇ ವಿವರಿಸಿದಳು: ಮಾತಿನ ಬೆನ್ನಿಗೆ ಹಲ್ಲಿ ನುಡಿದರೆ ಆ ಮಾತು ಸತ್ಯವೆಂದು ನಮ್ಮ ಕಡೆ ನಂಬಿಕೆ, ಆಗ ಹೀಗೆ ತಟ್ಟುತ್ತೇವೆ. ಸತ್ಯದ ಮಾತು ಹಾಗಿರಲಿ, ಕಿವಿಗೆ ಬೀಳದೆ ಕೈ ತಟ್ಟುವುದಿಲ್ಲ.

“ಅದು ಬರೀ ಅಭ್ಯಾಸ” ಎಂದು ಬಾಲಚಂದ್ರ ಗೊಣಗಿದರು.

“ನಂದೂ ಅಭ್ಯಾಸನೇ ಸರ್. ಕೇಳ್ಸಿದ್ದನ್ನ ಬರಿಯೋದು.”

ಲೆನ್ನಾರ್ಟ್ ಕಾಫಿ ಮುಗಿಸಿ, ಪಶುವೈದ್ಯರಿಗೆ ಫೋನ್ ಮಾಡಿದ. ಸಂಜೆಯ ಹೊತ್ತಿಗೆ ಕಟ್ಟು ಬಿಚ್ಚಿದಾಗ, ಎಲೆಗಳ ನಡುವೆ ಬಾಲ ತುಂಡಾದ ಬೂದುಬಣ್ಣದ ಮನೆಹಲ್ಲಿಯೊಂದು ಕಣ್ಣು ಪಿಳುಕಿಸದೆ ಕುಳಿತಿತ್ತು. ಗಾಳಿತೂತುಗಳಿದ್ದ ಡಬ್ಬಿಯಲ್ಲಿ ಅದು ಉಷ್ಣವಲಯದ ಪ್ರಾಣಿಗಳನ್ನು ಸಾಕುವ ಕೇಂದ್ರವೊಂದಕ್ಕೆ ಹೋಯಿತು. ಎಲೆಗಳೆಲ್ಲ ಸೀಳಿಹೋದವು.

ಹತ್ತು ದಿನಗಳ ಬಳಿಕ ಲೆನ್ನಾರ್ಟ್ ಜಾನಕಿಯ ಕಾಯಂ ಪತ್ರಕ್ಕೆ ಸಹಿ ಹಾಕಿದ. ಫಾರ್ಮಿಗೆ ಕಾಲಮ್ಮನ್ನು ಮಾತ್ರ ಸೇರಿಸಲಿಲ್ಲ. ಅವಳು ಇಂದಿಗೂ ಸ್ಕೇಲಿಟ್ಟು ಎಳೆಯುತ್ತಾಳೆ.

ಅದಕ್ಕೂ ಮುಂಚೆ, ಯುಗಾದಿಯ ಊಟ ಕಾಗದದ ತಟ್ಟೆಯಲ್ಲಿ ನಡೆಯಿತು. ಸಾರು ತಟ್ಟೆಯ ತಳವನ್ನು ಮೆತ್ತಗಾಗಿಸಿ ಪಂಚೆಗಳಿಗೆ ಇಳಿಯಿತು. “ಎಲೆ ಯಾಕಿಲ್ಲ, ಯಾರಿಂದ ಅಂತ ಎಲ್ರಿಗೂ ಗೊತ್ತು” ಎಂದರು ಬಾಲಚಂದ್ರ, ಸಾಲಿಗೆಲ್ಲ ಕೇಳುವಂತೆ.

ಹೋಳಿಗೆಯ ಬುಟ್ಟಿ ಹಿಡಿದು ಬರುತ್ತಿದ್ದ ಜಾನಕಿ ಅವರೆದುರೇ ನಿಂತಳು. “ನನ್ನಿಂದ. ಹೋಳಿಗೆ ಬೇಕೋ, ಬೇಡ್ವೋ?”

ಬಾಲಚಂದ್ರ ತಟ್ಟೆ ಒಡ್ಡಿದರು. ಬಡಿಸಿದ್ದು ಎಷ್ಟು ಎಂಬಲ್ಲಿ ಮಾತ್ರ ಹೇಳಿಕೆಗಳು ಬೇರೆಯಾಗಿವೆ: ಜಾನಕಿ ಎರಡು ಎನ್ನುತ್ತಾಳೆ, ಗಂಗಾಧರ ಮೂರು.