ಕಾರ್ಡ್ ಇಲ್ಲದಿದ್ದರೆ ಎಷ್ಟು?

ಕೆಲಸ ಹೋದ ಮನೆಯಲ್ಲಿ ಮಕ್ಕಳ ಹುಟ್ಟುಹಬ್ಬ ಹತ್ತಿರ ಬಂದರೆ ದೊಡ್ಡವರ ಎದೆ ಧಸಕ್ಕೆನ್ನುತ್ತದೆ. ಆರ್ಥಿಕ ಹಿಂಜರಿತದ 2009ರ ಆ ಚಳಿಗಾಲದಲ್ಲಿ ಅಮೆರಿಕದಲ್ಲಿರುವ ನಮ್ಮವರ ಎಷ್ಟು ಮನೆಗಳಲ್ಲಿ ಹೀಗಿತ್ತೋ! ವುಡ್‌ರಿಡ್ಜ್‌ನ ಪದ್ಮಳ ಮನೆಯಲ್ಲಂತೂ ಇತ್ತು. ಗಂಡ ರಘೋತ್ತಮನ ಹಾಫ್‌ಮನ್ ಎಸ್ಟೇಟ್ಸ್ ಆಫೀಸಿನ ಕೆಲಸ ದೀಪಾವಳಿಗೆ ಮುಂಚೆಯೇ ಹೋಗಿತ್ತು. ಪದ್ಮ ಹೀಟಿಂಗ್ ಇಳಿಸಿ, ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು, ಫೋನ್ ಮಾಡಿದವರಿಗೆಲ್ಲ ‘ಚೆನ್ನಾಗಿದೀವಿ’ ಎನ್ನುತ್ತಿದ್ದಳು. ಹಾಗೆ ಹೇಳಿ ಹೇಳಿಯೇ ಅವಳಿಗೆ ಸುಸ್ತಾಗಿತ್ತು.

ಮಗಳು ಇಂಚರಳಿಗೆ ಹತ್ತು ತುಂಬುವುದರಲ್ಲಿತ್ತು. ಅವಳು ಈ ಸಲ ಏನನ್ನೂ ಕೇಳಲಿಲ್ಲ. ಅದೇ ಪದ್ಮಳಿಗೆ ಸಂಕಟವಾಯಿತು. ಹಳೆಯ ವಿಡಿಯೋ ಗೇಮ್ ಮಾರುವ ಅಂಗಡಿಗೆ ತಾನೇ ಕರೆದುಕೊಂಡು ಹೋದಳು. ಮಗಳ ಕಣ್ಣು ನಿಂತ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಹನ್ನೆರಡು ಡಾಲರ್ ಎಂದಿತ್ತು. ‘ಇಷ್ಟೇನಾ!’ ಎಂದು ಪದ್ಮಳ ಮುಖ ಅರಳಿತು.

ಕೌಂಟರಿನವನು ಒಂದೇ ಉಸಿರಿನಲ್ಲಿ ಏನೇನೋ ಹೇಳಿದ. ಮೆಂಬರ್, ಸೇವಿಂಗ್ಸ್ ಎಂಬುದಷ್ಟೇ ಅವಳ ಕಿವಿಗೆ ಬಿತ್ತು. ಹಿಂದೆ ಜನ ನಿಂತಿದ್ದರು. ಡೆವನ್ ಅವೆನ್ಯೂದ ನಮ್ಮವರ ಅಂಗಡಿಗಳಲ್ಲಿ ಒಂದು ಕಟ್ಟು ಮೆಂತ್ಯ ಸೊಪ್ಪಿಗೆ ಹತ್ತು ಮಾತಾಡುವ ಪದ್ಮ ಇಂಥ ಅಂಗಡಿಗಳಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು. ಬೆಲೆ ಕೇಳಿದರೆ ಎಲ್ಲಿ ನಮ್ಮನ್ನು ಜುಗ್ಗರು ಅಂದುಕೊಂಡಾರೋ ಎಂಬ ಭಯ. ನಮ್ಮಲ್ಲಿ ಯಾರಿಗಿಲ್ಲ ಈ ಕಾಯಿಲೆ? ‘ಎಸ್, ಎಸ್’ ಎಂದು ಕ್ರೆಡಿಟ್ ಕಾರ್ಡ್ ಕೊಟ್ಟುಬಿಟ್ಟಳು.

ಮನೆಯಲ್ಲಿ ರಘೋತ್ತಮ ರಸೀದಿ ನೋಡಿದ.

“ಹನ್ನೆರಡು ಅಂದೆ. ಇಪ್ಪತ್ತೇಳು ಆಗಿದೆಯಲ್ಲ?”

“ಮೆಂಬರ್‌ಶಿಪ್ ಕೊಟ್ರು ರೀ. ಮುಂದಕ್ಕೆ ಉಳಿಯುತ್ತೆ.”

“ಮುಂದಕ್ಕೆ ಏನು ತಗೋತೀವಿ ನಾವು?”

ಅವನು ಕೂಗಾಡಿದ್ದರೆ ವಾಸಿಯಿತ್ತು. ಮೆಲ್ಲಗೆ ಕೇಳಿ ಎದ್ದುಹೋದ. ಇಂಚರ ಬಿಚ್ಚಲು ಹೊರಟಿದ್ದ ಡಬ್ಬಿಯನ್ನು ಮೇಜಿನ ಮೇಲಿಟ್ಟು, “ರಿಟರ್ನ್ ಮಾಡೋಣ ಅಮ್ಮಾ. ಐ ಡೋಂಟ್ ನೀಡ್ ಇಟ್,” ಎಂದಳು. ಒಂದು ಉಡುಗೊರೆ ಕೊಡಲು ಹೋಗಿ ಅದನ್ನೂ ಕೆಡಿಸಿಬಿಟ್ಟೆನಲ್ಲ ಎಂದು ಪದ್ಮಳಿಗೆ ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಪಕ್ಕದ ಮನೆಯ ಮೈತ್ರೇಯಿ ಹುಳಿಯ ಪಾತ್ರೆ ವಾಪಸು ಕೊಡಲು ಬಂದವರು ಅವಳ ಮುಖ ನೋಡಿ ವಿಚಾರಿಸಿದರು. ಡಬ್ಬಿಯನ್ನೂ ರಸೀದಿಯನ್ನೂ ತರಿಸಿಕೊಂಡು ನೋಡಿ, “ಮೋಸ ಹೋಗಿದೀರ,” ಎಂದರು.

“ಇದ್ರಲ್ಲಿ ಮೋಸ ಎಲ್ಲಿ ಬಂತು ಮೈತ್ರೇಯಿ?” ಎಂದಳು ಪದ್ಮ. “ಪ್ರಿಂಟೇ ಮಾಡಿದಾರೆ. ನಮ್ಮೂರಲ್ಲಿ ಎಂಆರ್‌ಪಿ ಅಂತ ಹಾಕಿದ್ರೆ ಅದೇ ತಾನೇ ರೇಟು?”

“ಇದು ಎಂಆರ್‌ಪಿ ಅಲ್ಲ ಪದ್ಮ. ಹನ್ನೆರಡು ಅನ್ನೋದು ಮೆಂಬರ್‌ಗಳಿಗೆ. ಕೆಳಗೆ ಇರುವೆ ಸಾಲಿನ ಹಾಗೆ ಹದಿನೈದು ಅಂತ ಇದೆ ನೋಡಿ, ಅದು ಮೆಂಬರ್ ಕಾರ್ಡ್ ಇಲ್ಲದ ನಮ್ಮಂಥೋರಿಗೆ.”

“ಆದ್ರೂ ಮೂರು ಉಳೀತಲ್ಲ?”

“ಮೂರು ಉಳಿಸೋಕೆ ಮೆಂಬರ್‌ಶಿಪ್ಪಿಗೆ ಹದಿನೈದು ಕೊಟ್ಟಿದೀರ. ವರ್ಷದಲ್ಲಿ ಇಂಥ ಐದು ಆಟ ತಗೊಂಡ್ರೆ ಅಸಲು ಹುಟ್ಟುತ್ತೆ. ಆರನೇದಕ್ಕೆ ಲಾಭ. ತಗೋತೀರಾ?”

ಪದ್ಮ ರಸೀದಿಯನ್ನು ಮತ್ತೆ ಕೈಗೆತ್ತಿಕೊಂಡಳು.

“ಬೇಡ ಅಂತ ನೀವಾಗಿ ಹೇಳೋವರೆಗೂ ಪ್ರತಿ ವರ್ಷ ದುಡ್ಡು ಕಟ್ ಮಾಡ್ಕೋತಾರೆ, ರಸೀದಿಲೇ ಇದೆ. ನಾನು ಜಿಮ್ಮಿನಲ್ಲಿ ಹೀಗೇ ಸಿಕ್ಕಿಬಿದ್ದಿದ್ದೆ. ಇವತ್ತೇ ಹೋಗಿ ಕ್ಯಾನ್ಸಲ್ ಮಾಡಿಸಿ.”

“ಹೋಗಿ ಕೇಳೋಕೆ ನಾಚಿಕೆ ಆಗುತ್ತೆ.”

“ನಾಚ್ಕೊಂಡಿದ್ದಕ್ಕೇ ಹೋಗಿದ್ದು ದುಡ್ಡು.”

ಸಂಜೆ ಗಂಡ, ಹೆಂಡತಿ, ಮಗಳು ಮೂವರೂ ಅಂಗಡಿಗೆ ಹೋದರು. ಪದ್ಮಳೇ ಮುಂದೆ ಹೋಗಿ ಕೇಳಿದಳು. ಮೆಂಬರ್ ಕಾರ್ಡ್ ಬೇಡ, ಆಟದ ನಿಜವಾದ ಬೆಲೆ ಎಷ್ಟೋ ಅಷ್ಟೇ ತೆಗೆದುಕೊಳ್ಳಿ ಎಂದಳು. ಹಿಂದೆ ನಿಂತವರು ಯಾರೂ ನಗಲಿಲ್ಲ. ಮ್ಯಾನೇಜರ್ ಮುಖ ಗಂಟು ಹಾಕಿಕೊಂಡೇ ಮೆಂಬರ್‌ಶಿಪ್ ರದ್ದು ಮಾಡಿ, ಹನ್ನೆರಡು ಡಾಲರ್ ವಾಪಸು ಮಾಡಿದ. ಆಟ ಉಳಿಯಿತು.

ಕಾರಿನಲ್ಲಿ ಪದ್ಮ ಹಿಂದಕ್ಕೆ ತಿರುಗಿ, “ನಾನು ಸರಿಯಾಗಿ ಓದ್ಬೇಕಿತ್ತು ಪುಟ್ಟಿ,” ಎಂದಳು.

“ನಾನು ಓದಿದ್ದೆ ಅಮ್ಮಾ. ನಿನ್ನೆ, ಅಂಗಡೀಲೇ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಯು ವರ್ ಸೋ ಹ್ಯಾಪಿ,” ಎಂದಳು ಇಂಚರ. “ತುಂಬಾ ದಿನ ಆದ್ಮೇಲೆ.”

ರಘೋತ್ತಮ ಹಾಕಿದ್ದ ಕೀಲಿ ತಿರುಗಿಸದೆ ಹಾಗೇ ಕುಳಿತ. ಆಮೇಲೆ ಹೆಂಡತಿಯ ಕೈ ಹಿಡಿದುಕೊಂಡ. ಪದ್ಮ ಕಣ್ಣೊರೆಸಿಕೊಂಡು, “ಇನ್ಮೇಲೆ ಹೇಳು. ನಾನು ಎಷ್ಟೇ ಖುಷಿಯಾಗಿದ್ರೂ ಹೇಳು,” ಎಂದಳು.

ಈ ಕಥೆ ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಇಂಥ ಕೌಂಟರುಗಳ ಮುಂದೆ ನಿಲ್ಲುತ್ತೀರಿ. ಹಿಂದೆ ಜನ ಕಾಯುತ್ತಿದ್ದರೆ ಕಾಯಲಿ. ಕಾರ್ಡ್ ಇಲ್ಲದಿದ್ದರೆ ಎಷ್ಟು, ಕಾರ್ಡಿಗೇ ಎಷ್ಟು, ಬೇಡವಾದರೆ ನಿಲ್ಲಿಸುವುದು ಹೇಗೆ ಎಂದು ಬಾಯಿಬಿಟ್ಟು ಕೇಳಿ. ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಿ. ಮನೆಯ ಕಷ್ಟವನ್ನು ಮಕ್ಕಳಿಂದ ಮುಚ್ಚಿಡಲು ಹೋಗಬೇಡಿ. ಅವರಿಗೆ ಆಗಲೇ ಗೊತ್ತಿದೆ; ನಮಗೆ ನೋವಾದೀತೆಂದು ಸುಮ್ಮನಿದ್ದಾರೆ, ಅಷ್ಟೇ.